ಎಣ್ಣೆ ಕುಡಿಯದ ಎಂಜಿನ್

ಬೆಳಿಗ್ಗೆ ಆರೂವರೆ ಗಂಟೆ. ಎ ಭಾಗದ ಎಂಜಿನ್ನಿನ ಅಳತೆ ಕಡ್ಡಿಯಲ್ಲಿ ಎಣ್ಣೆ ಮೇಲಿನ ಗೆರೆಗಿಂತ ಒಂದು ಬೆರಳು ಮೇಲಿತ್ತು.

ಕೈರೊಲ್ಲಾ ಕಡ್ಡಿಯನ್ನು ಬಟ್ಟೆಯಲ್ಲಿ ಒರೆಸಿ, ಮತ್ತೊಮ್ಮೆ ಅದ್ದಿ ತೆಗೆದ. ಅಷ್ಟೇ ಇತ್ತು. ಸರಕು ರೈಲು ಎಳೆದುಕೊಂಡು ಹುಲ್ಲುಗಾವಲು ದಾಟಿ ಆಗಷ್ಟೇ ಕೋಕ್‌ಬುಲಾಕ್ ಶೆಡ್ಡಿಗೆ ಬಂದಿದ್ದ ಲೋಕೊ ಅದು. ಹೊರಟಾಗ ಎಣ್ಣೆ ಮೇಲಿನ ಗೆರೆಗೆ ಸರಿಯಾಗಿತ್ತು. ವಾಪಸು ಬರುವಾಗ ಕೆಳಗಿನ ಗೆರೆಯ ಹತ್ತಿರ ಇರಬೇಕಿತ್ತು. ಇಪ್ಪತ್ತೆರಡು ವರ್ಷ ಡ್ರೈವರ್ ಆಗಿದ್ದ ಕೈರೊಲ್ಲಾ ಎಣ್ಣೆ ಬೇಗ ಇಳಿದದ್ದನ್ನು ಕಂಡಿದ್ದ, ನಿಧಾನವಾಗಿ ಇಳಿದದ್ದನ್ನು ಕಂಡಿದ್ದ. ಏರಿದ್ದನ್ನು ಕಂಡಿರಲಿಲ್ಲ.

ನಮ್ಮ ಶೆಡ್ಡಿನ ಲೋಕೊಗಳು ಜೋಡಿ. ಎ ಮತ್ತು ಬಿ ಎಂಬ ಎರಡು ಭಾಗಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿರುತ್ತವೆ, ಒಂದೊಂದರ ಹೊಟ್ಟೆಯಲ್ಲೂ ಒಂದು ಡೀಸೆಲ್ ಎಂಜಿನ್. ಖಾರ್ಕಿವ್‌ನಲ್ಲಿ ತಯಾರಾದ ಆ ಎಂಜಿನ್ ಬೇರೆ ಡೀಸೆಲ್‌ಗಳ ಹಾಗಲ್ಲ. ಅದರ ಪ್ರತಿ ಸಿಲಿಂಡರಿನಲ್ಲೂ ಎರಡು ಪಿಸ್ಟನ್, ಮೇಲಿನಿಂದ ಒಂದು, ಕೆಳಗಿನಿಂದ ಒಂದು. ಎರಡೂ ಎದುರುಬದುರು ನುಗ್ಗಿ ಬರುತ್ತವೆ. ಮುಖಕ್ಕೆ ಮುಖ ತಾಗಬೇಕು ಅನ್ನುವಷ್ಟರಲ್ಲಿ ನಡುವೆ ಇಂಧನ ಹೊತ್ತಿಕೊಂಡು ಹಿಂದಕ್ಕೆ ಹಾರುತ್ತವೆ. ಸಿಲಿಂಡರಿಗೆ ತಲೆ ಇಲ್ಲ, ಕವಾಟ ಇಲ್ಲ. ಶೆಡ್ಡಿನಲ್ಲಿ ಇದಕ್ಕೆ ಬೀಗರ ಎಂಜಿನ್ ಎಂದು ಹೆಸರು. ಮದುವೆ ಮಾತಿಗೆ ಕೂತ ಬೀಗರ ಹಾಗೆ ಇಬ್ಬರೂ ಮುಂದೆ ಬರುತ್ತಾರೆ, ಕಿಡಿ ಹಾರುತ್ತದೆ, ಇಬ್ಬರೂ ಹಿಂದೆ ಸರಿಯುತ್ತಾರೆ, ಗಾಡಿ ಮಾತ್ರ ಮುಂದೆ ಹೋಗುತ್ತದೆ. ಶಕ್ತಿಗೆ ಕೊರತೆ ಇಲ್ಲ. ಆದರೆ ಎಣ್ಣೆ ಕುಡಿಯುತ್ತದೆ. ಪಿಸ್ಟನ್ನುಗಳು ಸಿಲಿಂಡರಿನ ಗೋಡೆಯ ಕಿಂಡಿಗಳನ್ನು ದಾಟುವಾಗಲೆಲ್ಲ ಸ್ವಲ್ಪ ಎಣ್ಣೆ ಹೊಗೆಯ ಜೊತೆ ಆಚೆ ಹೋಗುತ್ತದೆ. ಒಂದು ಸುತ್ತು ಮುಗಿಸಿ ಬಂದರೆ ಭಾಗಕ್ಕೆ ಎರಡು ಹಾಲಿನ ಕ್ಯಾನಿನಷ್ಟು ಹೊಸ ಎಣ್ಣೆ ಬೇಕು. ಎಣ್ಣೆ ಕುಡಿಯದ ಬೀಗರ ಎಂಜಿನ್ನನ್ನು ಕೋಕ್‌ಬುಲಾಕ್‌ನಲ್ಲಿ ಯಾರೂ ನೋಡಿರಲಿಲ್ಲ.

ಕೈರೊಲ್ಲಾ ಕಿಟಕಿಯಿಂದ ತಲೆ ಹಾಕಿ ಕೂಗಿದ. ಅವನ ಸಹಾಯಕ ಎರ್ಬೋಸಿನ್ ಕೆಳಗೆ ಚಕ್ರಗಳ ಹತ್ತಿರ ಬಗ್ಗಿದ್ದ. ಮೂವತ್ತರ ಆಸುಪಾಸಿನ ಆಳು, ಮೂರು ವರ್ಷದಿಂದ ಇವನ ಜೊತೆಗೇ ಇದ್ದ, ಅಣ್ಣ ಅನ್ನುವ ಹಾಗೆ ಆಗಾ ಎಂದು ಕರೆಯುತ್ತಿದ್ದ.

"ಹೋಗೋ ಮುಂಚೆ ಎ-ಗೆ ಎಷ್ಟು ಹಾಕಿದ್ದೆ?"

"ಹಾಕ್ಲೇ ಇಲ್ಲ ಆಗಾ. ತುಂಬಿತ್ತಲ್ಲ."

"ಸ್ಟೋರಿಂದ ನಾಲ್ಕು ಕ್ಯಾನ್ ತಗೊಂಡಿದ್ದೆ."

"ನಾಲ್ಕೂ ಬಿ-ಗೆ ಸುರಿದೆ. ಅದಕ್ಕೆ ಈಗ ಹೊಟ್ಟೆಬಾಕತನ ಬಂದಿದೆ. ಇದು ಕುಡಿಯಲ್ಲ, ಅದು ಇದರ ಪಾಲೂ ಕುಡಿಯುತ್ತೆ."

"ಹೋದ ಸಲ?"

"ಹೋದ ಸಲಾನೂ ಹಾಗೇ."

ಕೈರೊಲ್ಲಾ ಕಡ್ಡಿಯನ್ನು ಅದರ ಜಾಗಕ್ಕೆ ಇಳಿಸಿದ. ಎಣ್ಣೆ ಸುರಿಯುವ ಹೊತ್ತಿಗೆ ಡ್ರೈವರ್ ಯಾವತ್ತೂ ಲೋಕೊ ಹತ್ತಿರ ಇರುವುದಿಲ್ಲ. ಡಾಕ್ಟರಿಗೆ ನಾಡಿ ತೋರಿಸಿ, ಕಾಗದ ಪತ್ರ ತೆಗೆದುಕೊಳ್ಳಲು ಕಚೇರಿಗೆ ಹೋಗಿರುತ್ತಾನೆ. ನಾಲ್ಕು ಕ್ಯಾನ್ ಎಲ್ಲಿ ಹೋಯಿತು ಎಂಬುದಕ್ಕೆ ಎರ್ಬೋಸಿನ್‌ನ ಮಾತು ಬಿಟ್ಟರೆ ಬೇರೆ ಸಾಕ್ಷಿ ಇರಲಿಲ್ಲ.

ಅದು 1994ರ ಅಕ್ಟೋಬರ್. ದೇಶ ಒಡೆದು ಖಾರ್ಕಿವ್ ಈಗ ಬೇರೆ ದೇಶಕ್ಕೆ ಸೇರಿತ್ತು. ಪಿಸ್ಟನ್ನೂ ಬರುತ್ತಿರಲಿಲ್ಲ, ಪಂಪೂ ಬರುತ್ತಿರಲಿಲ್ಲ. ಎಣ್ಣೆಗೆ ಬೀಗ ಹಾಕಿದ್ದರು. ಶೆಡ್ಡಿನಿಂದ ತಾಮ್ರದ ತಂತಿ, ಬ್ಯಾಟರಿ, ಕೊನೆಗೆ ಡ್ರೈವರ್ ಸೀಟಿನ ರೆಕ್ಸಿನ್ ಕೂಡ ಕಾಣೆಯಾಗುತ್ತಿತ್ತು. ಸಂತೆಯಲ್ಲಿ ರೈಲಿನ ಎಣ್ಣೆ ಬಾಟಲಿಗಳಲ್ಲಿ ಬಹಿರಂಗವಾಗಿಯೇ ಸಿಗುತ್ತಿತ್ತು. ಅದನ್ನು ಕೊಂಡು ಟ್ರ್ಯಾಕ್ಟರಿಗೆ ಹಾಕಿದವರೂ ರೈಲ್ವೆಯವರನ್ನು ಕಳ್ಳರು ಎಂದು ಬೈಯುತ್ತಿದ್ದರು.

ಶೆಡ್ಡಿನ ಮುಖ್ಯಸ್ಥ ಸೆಯಿಲ್ಬೆಕ್ ಮಂಗಳವಾರ ಕರೆಸಿಕೊಂಡ. ವಯಸ್ಸಿನಲ್ಲಿ ಕಿರಿಯನಾದ್ದರಿಂದ ಅವನೂ ಎಲ್ಲರ ಹಾಗೆ ಗೌರವದಿಂದ ಕೈರೆಕೆ ಎಂದೇ ಕರೆಯುತ್ತಿದ್ದ.

"ಕೂತ್ಕೊಳಿ ಕೈರೆಕೆ. ಟೀ ಕುಡೀರಿ. ಒಂದು ಮಾತು ಕೇಳ್ಬೇಕಿತ್ತು. ನಿಮ್ಮ ಎ ಎಂಜಿನ್ ಏನು, ಉಪವಾಸ ಹಿಡಿದಿದೆಯಾ? ರಂಜಾನ್ ಇನ್ನೂ ದೂರ ಇದೆಯಲ್ಲ."

"ನಂಗೂ ಅರ್ಥ ಆಗ್ತಿಲ್ಲ."

"ನಂಗೆ ಅರ್ಥ ಆಗುತ್ತೆ. ಸ್ಟೋರಿಂದ ನಾಲ್ಕು ಕ್ಯಾನ್ ಹೊರಗೆ ಬರುತ್ತೆ. ಎರಡು ಬಿ-ಗೆ ಹೋಗುತ್ತೆ. ಇನ್ನೆರಡು ಬೇಲಿ ಹಾರುತ್ತೆ. ಎ-ನಲ್ಲಿ ಎಣ್ಣೆ ಇಳಿದಿರೋದು ಕಾಣಬಾರದು ಅಂತ ಟ್ಯಾಂಕಿಂದ ನಾಲ್ಕು ಬಕೆಟ್ ಡೀಸೆಲ್ ತೆಗೆದು ಅದರೊಳಗೆ ಸುರೀತಾರೆ. ಕಡ್ಡಿ ಅದ್ದಿದ್ರೆ ಭರ್ತಿ. ಕಡ್ಡಿಗೆ ಡೀಸೆಲ್ಲೂ ಒಂದೇ, ಎಣ್ಣೆನೂ ಒಂದೇ."

ಹೀಗೆ ಮಾಡಿ ಸಿಕ್ಕಿಬಿದ್ದವರು ಇದ್ದರು. ಹಿಂದಿನ ವರ್ಷ ಪಕ್ಕದ ವಿಭಾಗದ ಒಂದು ಶೆಡ್ಡಿನಲ್ಲಿ ಡೀಸೆಲ್ ಬೆರೆತ ಎಣ್ಣೆ ಬಿಸಿಯಾಗಿ, ಎಂಜಿನ್ನಿನ ಒಡಲಲ್ಲಿ ಆವಿ ತುಂಬಿ ಸ್ಫೋಟವಾಗಿತ್ತು. ಬದಿಯ ಮುಚ್ಚಳಗಳು ಕಿತ್ತು ಹಾರಿದ್ದವು. ಆ ಹೊತ್ತಿನಲ್ಲಿ ಎಂಜಿನ್ ಕೋಣೆಯಲ್ಲಿ ಸುತ್ತು ಹಾಕುತ್ತಿದ್ದ ಸಹಾಯಕನ ಎರಡು ಕೈಯೂ ಸುಟ್ಟಿದ್ದವು.

"ಲ್ಯಾಬ್‌ನವರು ಏನಂತಾರೆ?" ಕೈರೊಲ್ಲಾ ಕೇಳಿದ. "ಪ್ರತಿ ಸುತ್ತಿಗೂ ಎರಡು ಬಾಟಲಿ ಕೊಡ್ತೀವಿ. ಡೀಸೆಲ್ ಬೆರೆತಿದ್ರೆ ಅವರಿಗೆ ಗೊತ್ತಾಗಲ್ವಾ?"

"ಎ-ನೂ ಚೆನ್ನಾಗಿದೆ, ಬಿ-ನೂ ಚೆನ್ನಾಗಿದೆ ಅಂತ ಬರುತ್ತೆ." ಸೆಯಿಲ್ಬೆಕ್ ನಕ್ಕ. "ಅದೂ ಒಂದು ನೋಡ್ಬೇಕಾದ್ದೇ. ಲ್ಯಾಬ್‌ನವರ ಮನೇಲೂ ಒಲೆ ಉರೀಬೇಕಲ್ಲ."

ನಂತರ ವಿಷಯಕ್ಕೆ ಬಂದ. ಶುಕ್ರವಾರ ಹನ್ನೊಂದಕ್ಕೆ ಸಭೆ. ಎಣ್ಣೆ ಸುರಿಯುವವನು ಸಹಾಯಕ. ಡ್ರೈವರ್ ತನಗೆ ಇದು ಗೊತ್ತಿರಲಿಲ್ಲ ಎಂದು ಹೇಳಿದರೆ ಎರ್ಬೋಸಿನ್ ಒಬ್ಬನೇ ಕೆಲಸದಿಂದ ಹೋಗುತ್ತಾನೆ. ರೈಲ್ವೆ ಮನೆಯನ್ನೂ ಖಾಲಿ ಮಾಡಬೇಕಾಗುತ್ತದೆ. ಗೊತ್ತಿತ್ತು ಎಂದರೆ ಇಬ್ಬರೂ ಹೋಗುತ್ತಾರೆ.

"ನೀವು ನನ್ನನ್ನ ನೋಡಿ ಗೊತ್ತಿಲ್ಲ ಅನ್ನಿ ಸಾಕು. ಉಳಿದಿದ್ದು ನಾನು ನೋಡ್ಕೋತೀನಿ."

ಕೈರೊಲ್ಲಾ ಟೀ ಅರ್ಧಕ್ಕೇ ಬಿಟ್ಟು ಎದ್ದ. ಸೆಯಿಲ್ಬೆಕ್‌ನ ತಂಗಿಯ ಗಂಡ ಮನೆಗಾಗಿ ಅರ್ಜಿ ಹಾಕಿ ಕಾಯುತ್ತಿದ್ದಾನೆಂಬುದು ಮೆಟ್ಟಿಲು ಇಳಿಯುವಾಗ ಅವನಿಗೆ ನೆನಪಾಯಿತು. ಅಷ್ಟರಿಂದ ಎರ್ಬೋಸಿನ್ ಕಳ್ಳನಲ್ಲ ಎಂದೇನೂ ಆಗುತ್ತಿರಲಿಲ್ಲ.

ಬುಧವಾರ ಮಧ್ಯಾಹ್ನ ಎರ್ಬೋಸಿನ್ ಮನೆಯಲ್ಲಿ ಮಗುವಿನ ನಲವತ್ತನೆಯ ದಿನದ ಸ್ನಾನ. ಬೆಳ್ಳಿ ನಾಣ್ಯ ಹಾಕಿದ ನೀರನ್ನು ಹೆಂಗಸರು ನಲವತ್ತು ಚಮಚ ಎಣಿಸಿ ಮಗುವಿನ ಮೇಲೆ ಹೊಯ್ಯುತ್ತಿದ್ದರು. ಕೈರೊಲ್ಲಾ ಹೋಗದಿದ್ದರೆ ಜನ ಆಡಿಕೊಳ್ಳುತ್ತಿದ್ದರು. ಹೋದ.

ಎರಡನೆಯ ಮಹಡಿಯ ಮನೆ. ಗೋಡೆಗೆ ಹಾಕಿದ ಹೀಟರಿನ ಕೊಳವೆಗಳು ಮುಟ್ಟಿದರೆ ಮಂಜು. ಆದರೆ ಕೋಣೆ ಬೆಚ್ಚಗಿತ್ತು. ಮೂಲೆಯಲ್ಲಿ ಹೊಸ ಒಲೆ, ಅದರ ಹೊಗೆಕೊಳವೆ ಕಿಟಕಿಯ ಗಾಜಿನ ಜಾಗದಲ್ಲಿ ಕೂರಿಸಿದ ತಗಡಿನ ಮೂಲಕ ಹೊರಗೆ ಹೋಗಿತ್ತು. ಎಣ್ಣೆಯ ಡ್ರಮ್ಮನ್ನು ಕೊಯ್ದು ಬೆಸೆದು ಮಾಡಿದ ಒಲೆ.

ಎರ್ಬೋಸಿನ್‌ನ ಹೆಂಡತಿ ಬಲ್‌ಝಾನ್ ಹಾಲು ಬೆರೆಸಿದ ಟೀ, ಕರಿದ ಹಿಟ್ಟಿನ ಉಂಡೆಗಳನ್ನು ಮುಂದಿಟ್ಟಳು.

"ತಗೊಳಿ ಆಗಾ. ಮಗು ನೋಡಿದ್ರಾ? ಅಪ್ಪನ ಹಾಗೇ. ಹೊಟ್ಟೆ ತುಂಬಿದ್ರೂ ಅಳ್ತಾನೆ."

"ಒಲೆ ಚೆನ್ನಾಗಿದೆ," ಅಂದ ಕೈರೊಲ್ಲಾ. "ಡ್ರಮ್ ಎಲ್ಲಿ ಸಿಕ್ಕಿತು?"

ಅವಳು ಗಂಡನ ಮುಖ ನೋಡಿದಳು. ಕೈರೊಲ್ಲಾ ಆ ನೋಟವನ್ನು ಗಮನಿಸಿದ.

"ನನ್ನ ಮಾವನ ಮನೆಯಿಂದ ತಂದಿದ್ದು," ಎಂದ ಎರ್ಬೋಸಿನ್.

"ಮಾವನಿಗೆ ಎಲ್ಲಿ ಸಿಕ್ಕಿತಂತೆ?"

"ಡ್ರಮ್ಮಿಗೆ ಅಪ್ಪ ಅಮ್ಮ ಯಾರು ಅಂತ ಕೇಳ್ತಾರಾ ಆಗಾ?" ಎಂದು ಬಲ್‌ಝಾನ್ ನಕ್ಕಳು. "ಹುಡುಗೀಗೆ ಕೇಳ್ತಾರೆ. ನನ್ನ ಕೇಳಿದ್ರಲ್ಲ, ಮದುವೆಗೆ ಮುಂಚೆ ಏಳು ತಲೆಮಾರು ಹೇಳಿಸಿದ್ರು."

ಕೂತವರೆಲ್ಲ ನಕ್ಕರು. ಕೈರೊಲ್ಲಾನೂ ತುಟಿ ಅಗಲಿಸಿದ. ಆದರೆ ಹೊರಡುವಾಗ ಬೂಟು ಹಾಕಿಕೊಳ್ಳುವ ನೆಪದಲ್ಲಿ ಬಾಗಿಲ ಹಿಂದಿನ ಸಂದಿಯಲ್ಲಿ ಕಣ್ಣಾಡಿಸಿದ. ಅಲ್ಲಿ ಒಂದು ಹಾಲಿನ ಕ್ಯಾನ್ ಇತ್ತು. ಮುಚ್ಚಳ ಎತ್ತಿ ಮೂಸಿದ. ಉಪ್ಪಿನಲ್ಲಿ ಹಾಕಿದ ಎಲೆಕೋಸು. ಅವನ ಬೆನ್ನ ಹಿಂದೆ ಎರ್ಬೋಸಿನ್ ನಿಂತಿದ್ದ.

"ಬೇಕಾ ಆಗಾ? ಒಂದು ಡಬ್ಬಿ ಕಟ್ಟಿಕೊಡ್ಲಾ?"

"ಬೇಡ," ಅಂದ ಕೈರೊಲ್ಲಾ.

ಆ ಸಂಜೆ ಅವನು ಕೊಟ್ಟಿಗೆಯ ಗೋಡೆಗೆ ನೇತುಹಾಕಿದ್ದ ಕುದುರೆ ಕೂದಲಿನ ಹಗ್ಗದಿಂದ ಒಂದು ಎಳೆ ಬಿಡಿಸಿದ. ಕಪ್ಪು ಕೂದಲು, ಹತ್ತಿರ ಹೋಗಿ ನೋಡದಿದ್ದರೆ ಕಾಣುವುದಿಲ್ಲ. ಲೋಕೊ ಹೊರಡುವ ಮುಂಚೆ, ಎರ್ಬೋಸಿನ್ ಬಿ ಭಾಗಕ್ಕೆ ಎಣ್ಣೆ ಸುರಿಯುತ್ತಿದ್ದಾಗ, ಕೈರೊಲ್ಲಾ ಡಾಕ್ಟರ ಹತ್ತಿರ ಹೋಗದೆ ಎ ಭಾಗವನ್ನು ಹತ್ತಿದ. ಎಣ್ಣೆ ಸುರಿಯುವ ಬಾಯಿಯ ಮುಚ್ಚಳಕ್ಕೆ ಎರಡು ಕಿವಿ ಇವೆ. ಒಂದು ಕಿವಿಗೂ ಪಕ್ಕದ ಕೊಳವೆಗೂ ಕೂದಲು ಬಿಗಿದು ಕಟ್ಟಿದ. ಮುಚ್ಚಳ ಕಾಲು ಸುತ್ತು ತಿರುಗಿದರೂ ಕೂದಲು ಹರಿಯಬೇಕು. ನಂತರ ಕಡ್ಡಿ ಅದ್ದಿದ. ಎಣ್ಣೆ ಮೇಲಿನ ಗೆರೆಯಿಂದ ಒಂದು ಬೆರಳು ಮೇಲೆ.

ಆ ಸುತ್ತಿನಲ್ಲಿ ಎರ್ಬೋಸಿನ್ ಮಾಡಿದ್ದೆಲ್ಲ ಅವನಿಗೆ ಬೇರೆಯಾಗಿ ಕಂಡಿತು. ಪ್ರತಿ ನಿಲ್ದಾಣ ದಾಟಿದ ಮೇಲೆ ಎಂಜಿನ್ ಕೋಣೆಗಳನ್ನು ನೋಡಿಕೊಂಡು ಬರುವುದು ಸಹಾಯಕನ ಕೆಲಸ. ಬಿ ಭಾಗದಿಂದ ಅವನು ಬೇಗ ಬರುತ್ತಿದ್ದ. ಎ ಭಾಗಕ್ಕೆ ಹೋದರೆ ತಡ. ಒಂದು ಸಲ ಜಾಕೆಟಿನ ಒಳಗೆ ಏನೋ ತುಂಬಿಕೊಂಡು ಹೋದ. ಬಂದಾಗ ಜಾಕೆಟ್ ಚಪ್ಪಟೆಯಾಗಿತ್ತು. ಎ ಭಾಗದ ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಎಂದಿಗಿಂತ ಕೆಳಗಿತ್ತು. ಕೈರೊಲ್ಲಾ ಗಾಜಿನ ಮೇಲೆ ಬೆರಳಿಂದ ಕುಟ್ಟಿದ. ಮುಳ್ಳು ಕದಲಲಿಲ್ಲ. ಹಳೆಯ ಮೀಟರುಗಳ ಮೇಲೆ ಅವನಿಗೆ ಮೊದಲಿನಿಂದಲೂ ನಂಬಿಕೆ ಇರಲಿಲ್ಲ.

ಎದುರಿನ ರೈಲಿಗಾಗಿ ಒಂದು ಪಕ್ಕದ ಹಳಿಯಲ್ಲಿ ನಿಂತಾಗ ಅವನು ಸೀಟು ಬಿಟ್ಟು ಹಿಂದೆ ಹೋದ. ಎ ಭಾಗದ ಎಂಜಿನ್ ಕೋಣೆಯಲ್ಲಿ ಬಿಸಿನೀರಿನ ಕೊಳವೆಯ ಉದ್ದಕ್ಕೂ ಮಗುವಿನ ಬಟ್ಟೆಗಳನ್ನು ಸಾಲಾಗಿ ಹರವಲಾಗಿತ್ತು. ಬಿಳಿ ಚೌಕಗಳು, ಅಂಚಿನಲ್ಲಿ ನೀಲಿ ದಾರ.

ಎರ್ಬೋಸಿನ್ ಹಿಂದೆಯೇ ಓಡಿ ಬಂದ.

"ಮನೇಲಿ ಒಣಗಲ್ಲ ಆಗಾ. ಒಲೆ ಹತ್ರ ಹಾಕಿದ್ರೆ ಹೊಗೆ ವಾಸನೆ. ಬೆಂಕಿ ಅಪಾಯ ಅಂತ ನಿಯಮ ಇದೆ, ಗೊತ್ತು. ಹೊಗೆಕೊಳವೆ ಹತ್ರ ಹಾಕಲ್ಲ, ನೀರಿನ ಕೊಳವೆ ಮೇಲೆ ಮಾತ್ರ."

"ಇದಕ್ಕೇನಾ ಇಲ್ಲಿ ಇಷ್ಟು ಹೊತ್ತು ಇರೋದು?"

"ಮತ್ತೆ ಯಾತಕ್ಕೆ?"

ಕೈರೊಲ್ಲಾ ಒಂದು ಬಟ್ಟೆ ಎತ್ತಿ ಮೂಗಿಗೆ ಹಿಡಿದ. ಸೋಪಿನ ವಾಸನೆ. ಇನ್ನೊಂದನ್ನೂ ಎತ್ತಿ ನೋಡಿದ. ಎರ್ಬೋಸಿನ್ ಮುಖದಲ್ಲಿದ್ದ ನಗು ನಿಧಾನವಾಗಿ ಹೋಯಿತು.

"ಏನು ಹುಡುಕ್ತಿದೀರಿ ಕೈರೆಕೆ?"

"ಏನಿಲ್ಲ. ಸಿಗ್ನಲ್ ಬಿತ್ತು, ನಡಿ."

ಅಲ್ಲಿಯವರೆಗೂ ಎರ್ಬೋಸಿನ್ ಆಗಾ ಎನ್ನುತ್ತಿದ್ದ. ಆ ಹೊತ್ತಿನಿಂದ ಬೇರೆಯವರ ಹಾಗೆ ಕೈರೆಕೆ ಎಂದ.

ಶುಕ್ರವಾರ ಬೆಳಿಗ್ಗೆ ಶೆಡ್ಡಿಗೆ ಬಂದ ಕೂಡಲೇ ಕೈರೊಲ್ಲಾ ಎ ಭಾಗದ ಮುಚ್ಚಳ ನೋಡಿದ. ಕೂದಲು ಕಟ್ಟಿದ ಹಾಗೇ ಇತ್ತು. ಕಡ್ಡಿ ಅದ್ದಿದ. ಎಣ್ಣೆ ಮೇಲಿನ ಗೆರೆಯಿಂದ ಎರಡು ಬೆರಳು ಮೇಲಿತ್ತು.

ಅವನು ಮೂರು ಸಲ ಅದ್ದಿ ನೋಡಿದ. ಮುಚ್ಚಳ ತೆಗೆದವರಿಲ್ಲ, ಎಣ್ಣೆ ಏರಿದೆ. ಹಾಗಿದ್ದರೆ ಬೇರೆ ದಾರಿಯಿಂದ ಹಾಕಿದ್ದಾನೆ ಎಂಬುದು ಅವನಿಗೆ ಬಂದ ಮೊದಲ ಯೋಚನೆ. ಯಾವ ದಾರಿ ಎಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಲೋಕೊ ಹತ್ತು ಗಂಟೆಗೆ ಇನ್ನೊಬ್ಬ ಡ್ರೈವರಿನ ಕೈಯಲ್ಲಿ ಮತ್ತೆ ಹೊರಡುವುದಿತ್ತು. ಸಹಾಯಕರು ಸಾಲದೆ ಎರ್ಬೋಸಿನ್ ಮತ್ತೆ ಅದರಲ್ಲೇ ಹೋಗಬೇಕಿತ್ತು. ಸಭೆಗೆ ಅವನು ಬೇಕಿಲ್ಲ, ಡ್ರೈವರಿನ ಮಾತು ಸಾಕು ಎಂದು ಸೆಯಿಲ್ಬೆಕ್ ಹೇಳಿದ್ದ. ಕೂದಲನ್ನು ಹಾಗೇ ಬಿಟ್ಟು ಕೈರೊಲ್ಲಾ ಲ್ಯಾಬಿಗೆ ನಡೆದ.

ಲ್ಯಾಬಿನ ಎಲ್ವಿರಾ ಪೆತ್ರೊವ್ನಾ ಕೊರಿಯನ್ ಮೂಲದ ಹೆಂಗಸು, ಐವತ್ತೈದು ದಾಟಿತ್ತು. ತಲೆ ಎತ್ತದೆಯೇ ಮಾತಾಡಿದಳು.

"ಕಳ್ಳನ್ನ ಹುಡುಕೋಕೆ ಬಂದ್ರಾ? ಸಾಲಲ್ಲಿ ನಿಂತ್ಕೊಳಿ. ನಿನ್ನೆ ಸೆಯಿಲ್ಬೆಕ್ ಬಂದಿದ್ದ. ನನ್ನ ಅಡುಗೆಮನೆ ಒಲೆಗೆ ಏನು ಹಾಕ್ತೀನಿ ಅಂತ ಕೇಳಿದ. ಕಲ್ಲಿದ್ದಲು ಅಂದೆ. ಯಾವ ಕಲ್ಲಿದ್ದಲು ಅಂದ."

"ಎ ಭಾಗದ ಎಣ್ಣೆ ಚೆನ್ನಾಗಿದೆ ಅಂತ ಬರೆದಿದೀರಿ."

"ಚೆನ್ನಾಗಿತ್ತು, ಬರೆದೆ."

"ಎಣ್ಣೆ ಏರ್ತಿದೆ ಎಲ್ವಿರಾ ಪೆತ್ರೊವ್ನಾ. ಅದರಲ್ಲಿ ಡೀಸೆಲ್ ಇರಲೇಬೇಕು. ನಿಮಗೆ ಯಾಕೆ ಕಾಣಲ್ಲ?"

ಅವಳು ಕನ್ನಡಕ ತೆಗೆದಳು. "ಅಂದ್ರೆ ನಾನು ಪಾಲು ತಗೊಂಡು ಸುಳ್ಳು ಬರೀತೀನಿ. ಹೇಳಿ, ಬಾಯಿ ಬಿಟ್ಟು ಹೇಳಿ."

"ನಾನು ಹಾಗಂದ್ನಾ?"

"ಇನ್ನು ಹೇಗನ್ನಬೇಕು? ಹೋಗಿ, ನಿಮ್ಮ ಕೈಯಾರೆ ಒಂದು ಬಾಟಲಿ ಹಿಡ್ಕೊಂಡು ಬನ್ನಿ. ನಿಮ್ಮ ಕಣ್ಣೆದುರೇ ಕಾಯಿಸ್ತೀನಿ. ಬಾಟಲಿ ನಿಮ್ಮ ಕೈಯಿಂದ ನನ್ನ ಕೈಗೆ, ನಡುವೆ ಬೇರೆ ಯಾರೂ ಬೇಡ."

ಅವನು ವಾಪಸು ಲೋಕೊ ಹತ್ತಿದ. ಎ ಭಾಗದ ಎಣ್ಣೆ ನಲ್ಲಿಗೆ ಹಿಡಿ ಇರಲಿಲ್ಲ. ಅದು ಮುರಿದು ಎರಡು ಚಳಿಗಾಲ ಕಳೆದಿತ್ತು. ಹೊಸದು ಖಾರ್ಕಿವ್‌ನಿಂದ ಬರಬೇಕು ಎಂದು ಬರೆದು ಕಳಿಸಿ ಬಿಟ್ಟಿದ್ದರು. ಕೈರೊಲ್ಲಾ ಇಕ್ಕಳ ಹಾಕಿ ತಿರುಗಿಸಿದ. ಇಕ್ಕಳ ಜಾರಿ ಗೆಣ್ಣು ತರಚಿತು. ಮತ್ತೆ ಹಾಕಿ ತಿರುಗಿಸಿದ. ಎಣ್ಣೆ ನೂಲಿನ ಹಾಗೆ ಇಳಿಯಬೇಕಿತ್ತು. ಇದು ಟೀ ಸುರಿದ ಹಾಗೆ ಸುರಿಯಿತು. ಮೂಸಿದ. ಡೀಸೆಲ್.

ಎರ್ಬೋಸಿನ್ ಕೆಳಗೆ ನಿಂತು ಬದಲಿ ಡ್ರೈವರಿನ ಜೊತೆ ಮಾತಾಡುತ್ತಿದ್ದ. ಕೈರೊಲ್ಲಾ ಬಾಟಲಿಯನ್ನು ಕೋಟಿನೊಳಗೆ ಮರೆಮಾಡಿಕೊಂಡು ಅವನ ಪಕ್ಕದಲ್ಲೇ ದಾಟಿಹೋದ. ಲೋಕೊ ತಡೆಯಿರಿ ಎಂದು ಆಗಲೇ ಹೇಳಬಹುದಿತ್ತು. ಹೇಳಿದರೆ ಎರ್ಬೋಸಿನ್ ಎಚ್ಚೆತ್ತುಕೊಂಡು ಗುರುತು ಅಳಿಸುತ್ತಾನೆ ಎಂದುಕೊಂಡ.

ಎಲ್ವಿರಾ ಎಣ್ಣೆಯನ್ನು ಹಿತ್ತಾಳೆಯ ಬಟ್ಟಲಿಗೆ ಸುರಿದು, ಥರ್ಮಾಮೀಟರ್ ಇಳಿಸಿ, ಕೆಳಗೆ ಒಲೆ ಹಚ್ಚಿದಳು. ಬಿಸಿ ಏರಿದ ಹಾಗೆ ಆಗಾಗ ಸಣ್ಣ ಜ್ವಾಲೆಯನ್ನು ಬಟ್ಟಲಿನ ಬಾಯಿಯ ಮೇಲೆ ಹಾಯಿಸುತ್ತಾಳೆ. ಆವಿ ಯಾವ ಬಿಸಿಗೆ ನೀಲಿಯಾಗಿ ಹೊತ್ತುತ್ತದೆ ಎಂಬುದೇ ಪರೀಕ್ಷೆ. ನೂರ ಎಪ್ಪತ್ತು ಡಿಗ್ರಿಗಿಂತ ಮೊದಲೇ ಹೊತ್ತಿದರೆ ಆ ಎಂಜಿನ್ ಶೆಡ್ ಬಿಟ್ಟು ಹೋಗುವ ಹಾಗಿಲ್ಲ.

ಕಾಯುತ್ತಿರುವಾಗ ಹೊರಗೆ ಲೋಕೊ ಕೂಗಿತು. ಎರಡು ಎಂಜಿನ್ನುಗಳೂ ಸ್ವರ ಏರಿಸಿ, ಗೇಟು ದಾಟಿ ಹೋದದ್ದು ಕೇಳಿಸಿತು.

ಬಟ್ಟಲಿನ ಮೇಲೆ ನೀಲಿ ಬೆಳಕು ಮಿಂಚಿ ಆರಿತು. ಎಲ್ವಿರಾ ಥರ್ಮಾಮೀಟರಿಗೆ ಮುಖ ತಂದಳು.

"ನೂರ ನಲವತ್ತೆಂಟು," ಎಂದಳು. ಆಮೇಲೆ ನಿಧಾನವಾಗಿ ಕೇಳಿದಳು, "ಇದು ಎ ಅಲ್ವಾ?"

"ಎ."

"ಹಾಗಿದ್ರೆ ಇಷ್ಟು ದಿನ ಎ ಅಂತ ಚೀಟಿ ಅಂಟಿಸಿ ನೀವು ಕೊಡ್ತಿದ್ದ ಬಾಟಲಿ ಯಾವುದು? ನಿಮ್ಮ ಎರಡು ಬಾಟಲಿನೂ ಯಾವಾಗ್ಲೂ ಒಂದೇ ಬಿಸಿಗೆ ಹೊತ್ತಿಕೊಳ್ತಿದ್ವು. ಅವಳಿ ಮಕ್ಕಳಿಗೂ ಜ್ವರ ಒಂದೇ ಅಳತೇಲಿ ಬರಲ್ಲ. ನಾನು ಕೇಳಿದ್ದೆ. ಎರಡಕ್ಕೂ ಒಂದೇ ಟ್ಯಾಂಕಿನ ಎಣ್ಣೆ ಅಲ್ವಾ ಅಂತ ಶೆಡ್ಡಿನವರು ಬಾಯಿ ಮುಚ್ಚಿಸಿದ್ರು."

ಇಷ್ಟು ದಿನ ಮರೆತೇ ಹೋಗಿದ್ದ ಉತ್ತರ ಕೈರೊಲ್ಲಾಗೆ ಈಗ ನೆನಪಾಯಿತು. ನಲ್ಲಿಯ ಹಿಡಿ ಮುರಿದ ಚಳಿಗಾಲದಲ್ಲಿ ಎರ್ಬೋಸಿನ್ ಇಕ್ಕಳ ಹಿಡಿದು ಒದ್ದಾಡುತ್ತಿದ್ದ. ಬಿಸಿ ಕೊಳವೆ ತಾಗಿ ಮೊಣಕೈ ಸುಟ್ಟುಕೊಂಡಿದ್ದ. ಅದನ್ನು ಬಿಡು, ಎರಡೂ ಬಾಟಲಿ ಬಿ-ಯಲ್ಲೇ ತುಂಬು, ಎರಡೂ ಒಂದೇ ತಾಯಿಯ ಹಾಲು ಕುಡಿದವು ತಾನೇ ಎಂದು ಹೇಳಿಕೊಟ್ಟವನು ಕೈರೊಲ್ಲಾ. ಅವನಿಗೂ ಅದನ್ನು ಇನ್ಯಾರೋ ಹೇಳಿಕೊಟ್ಟಿದ್ದರು. ನಮ್ಮ ಶೆಡ್ಡಿನಲ್ಲಿ ಅರ್ಧಕ್ಕರ್ಧ ಜನ ಹಾಗೇ ಮಾಡುತ್ತಿದ್ದರು; ಯಾವ ಭಾಗದ ನಲ್ಲಿ ಸುಲಭವೋ ಅದರಲ್ಲಿ ಎರಡು ಬಾಟಲಿ. ಎಣ್ಣೆ ಕುಡಿಯುವ ಎಂಜಿನ್ನಿಗೆ ಪ್ರತಿ ಸುತ್ತಿಗೂ ಹೊಸ ಎಣ್ಣೆ ಬೀಳುತ್ತಲೇ ಇರುತ್ತದೆ, ಅದು ಕೆಡುವುದಾದರೂ ಯಾವಾಗ ಎಂಬ ಧೈರ್ಯ.

ಉಳಿದದ್ದು ಅವನಿಗೆ ತಾನಾಗಿಯೇ ಹೊಳೆಯಿತು. ಮುಚ್ಚಳ ಯಾರೂ ತೆಗೆದಿಲ್ಲ, ಆದರೂ ಡೀಸೆಲ್ ಸೇರಿದೆ. ಅಂದರೆ ಎಂಜಿನ್ನೇ ಒಳಗಿನಿಂದ ಸೋರುತ್ತಿದೆ. ಸೋರಿದ ಡೀಸೆಲ್ ಕಳೆದ ಎಣ್ಣೆಯ ಜಾಗ ತುಂಬಿದ್ದರಿಂದ ಮಟ್ಟ ಇಳಿಯಲಿಲ್ಲ. ಕುಡಿಯಲಿಲ್ಲ ಎಂದು ಅವರು ಅಂದುಕೊಂಡದ್ದು ಸುಳ್ಳು. ಒತ್ತಡದ ಮುಳ್ಳು ನಿಜ ಹೇಳಿತ್ತು. ಎರ್ಬೋಸಿನ್‌ನೂ ನಿಜ ಹೇಳಿದ್ದ.

ಈಗ ಎರ್ಬೋಸಿನ್ ಅದೇ ಎಂಜಿನ್ ಕೋಣೆಯಲ್ಲಿ ಸುತ್ತು ಹಾಕುತ್ತಿರಬೇಕು.

ಕೈರೊಲ್ಲಾ ಹಳಿ ದಾಟಿಕೊಂಡು ಕಂಟ್ರೋಲ್ ಕೋಣೆಗೆ ಓಡಿದ. ಕಂಟ್ರೋಲರ್ ಮೈಕ್ ಕೊಡಲು ಒಪ್ಪಲಿಲ್ಲ. "ಸಭೆಗೆ ಹೋಗೋದು ಬಿಟ್ಟು ಇಲ್ಲೇನು? ಮುಖ್ಯಸ್ಥರು ಕೇಳ್ತಿದಾರೆ," ಎಂದ. ಕೈರೊ‌ಲ್ಲಾ ಮೈಕನ್ನು ಕಿತ್ತುಕೊಂಡ.

"ಎ ಎಂಜಿನ್ ನಿಲ್ಲಿಸಿ. ಈಗಲೇ. ಯಾರೂ ಎ ಕೋಣೆಗೆ ಹೋಗ್ಬೇಡಿ. ಎರ್ಬೋಸಿನ್ ಎಲ್ಲಿ?"

ಗರಗರ ಸದ್ದು. ಬದಲಿ ಡ್ರೈವರಿನ ದನಿ ಬಂತು. "ಎ ನೋಡೋಕೆ ಹೋಗಿದಾನೆ. ಯಾಕೆ ಕೈರೆಕೆ?"

"ಎಣ್ಣೆ ತುಂಬಾ ಡೀಸೆಲ್ ಇದೆ. ನಿಲ್ಲಿಸಯ್ಯಾ, ಆಮೇಲೆ ಕೇಳು!"

ಆ ತರಂಗವನ್ನು ವಿಭಾಗದ ಎಲ್ಲ ನಿಲ್ದಾಣಗಳೂ ಕೇಳಿಸಿಕೊಳ್ಳುತ್ತವೆ. ಕೊನೆಗೆ ಬದಲಿ ಡ್ರೈವರ್ ಎ ನಿಂತಿತು ಎಂದ. ಸ್ವಲ್ಪ ಹೊತ್ತಿಗೆ ಎರ್ಬೋಸಿನ್ ಮೈಕಿಗೆ ಬಂದ. ಓಡಿ ಬಂದವನ ಉಸಿರು.

"ಏನಾಯ್ತು?"

"ಹೊರಗೆ ಬಂದ್ಯಾ? ಏನೂ ಆಗಿಲ್ಲ ತಾನೇ?"

"ಬಂದೆ. ಎಂಜಿನ್ ಬಿಸಿ ಇದೆ, ಬೇರೇನೂ ಆಗಿಲ್ಲ. ಕೈರೆಕೆ, ಎಣ್ಣೆ ಮುಚ್ಚಳಕ್ಕೆ ಕುದುರೆ ಕೂದಲು ಕಟ್ಟಿದೆ. ನೀವು ಕಟ್ಟಿದ್ದಾ?"

ಕಂಟ್ರೋಲರ್ ಕೈರೊಲ್ಲಾನ ಮುಖ ನೋಡಿದ.

"ನಾನೇ," ಎಂದ ಕೈರೊಲ್ಲಾ.

"ಸರಿ," ಎಂದ ಎರ್ಬೋಸಿನ್. ಮೈಕಿನ ಗುಂಡಿ ಬಿಟ್ಟ ಸದ್ದು ಕೇಳಿಸಿತು.

ರೈಲು ಒಂದೇ ಎಂಜಿನ್ನಿನಲ್ಲಿ ಮುಂದಿನ ನಿಲ್ದಾಣದವರೆಗೆ ತೆವಳಿ, ಅರ್ಧ ವ್ಯಾಗನ್ನುಗಳನ್ನು ಅಲ್ಲೇ ಬಿಟ್ಟಿತು.

ಸಭೆ ತಡವಾಗಿ ಶುರುವಾಯಿತು. ಸೆಯಿಲ್ಬೆಕ್ ಮೇಜಿನ ಮೇಲೆ ಬಾಟಲಿ ನೋಡಿ ಮುಖ ಅರಳಿಸಿದ. "ಡೀಸೆಲ್ ಇದೆ ಅಂತ ನೀವೇ ಹೇಳ್ತಿದೀರಲ್ಲ. ನಾನು ಹೇಳಿದ್ದೂ ಅದೇ."

"ಡೀಸೆಲ್ ಇದೆ. ಹಾಕಿದವರಿಲ್ಲ. ಮುಚ್ಚಳ ನಾನು ಕಟ್ಟಿದ್ದೆ. ಬಿಚ್ಚಿ ನೋಡಿ, ಪಂಪೋ ಪೈಪೋ ಸೋರ್ತಿರುತ್ತೆ."

"ಲ್ಯಾಬಿಗೆ ಹೋದ ಎ ಬಾಟಲಿ ಯಾರದು ಹಾಗಾದ್ರೆ? ಅದನ್ನ ತುಂಬ್ತಿದ್ದವನು ಎರ್ಬೋಸಿನ್ ತಾನೇ?"

"ತುಂಬಿದ್ದು ಅವನು. ಬಿ-ಯಲ್ಲೇ ತುಂಬು ಅಂದವನು ನಾನು. ಅವನ ಕೈ ಸುಟ್ಟಿತ್ತು, ಹೊಸ ನಲ್ಲಿ ಹಿಡಿ ಬರೋವರೆಗೆ ಅಂದಿದ್ದೆ. ಬರಲಿಲ್ಲ." ಅವನು ಸುತ್ತ ಕೂತ ಬೇರೆ ಡ್ರೈವರುಗಳನ್ನು ನೋಡಿದ. ಯಾರೂ ಅವನ ಕಣ್ಣಿಗೆ ಕಣ್ಣು ಕೊಡಲಿಲ್ಲ.

ಶನಿವಾರ ಎ ಎಂಜಿನ್ ಬಿಚ್ಚಿದರು. ಎಡಗಡೆಯ ಏಳನೆಯ ಇಂಧನ ಪಂಪು ಸವೆದು, ಡೀಸೆಲ್ ಪಂಪಿನ ಅಡಿಯಲ್ಲಿ ತಿರುಗುವ ದಂಡದ ತೊಟ್ಟಿಗೆ ಇಳಿದು, ಅಲ್ಲಿಂದ ಎಣ್ಣೆ ಸೇರುತ್ತಿತ್ತು. ಮೇಲಿನ ಕ್ರ್ಯಾಂಕಿನ ಎರಡು ಬೇರಿಂಗುಗಳು ಕಪ್ಪಾಗಿದ್ದವು. ಬಿ ಭಾಗದ ಪಿಸ್ಟನ್ ರಿಂಗುಗಳು ಎಷ್ಟು ಸವೆದಿದ್ದವೆಂದರೆ ಅದು ನಾಲ್ಕು ಕ್ಯಾನ್ ಕುಡಿದದ್ದರಲ್ಲಿ ಆಶ್ಚರ್ಯವಿರಲಿಲ್ಲ. ಮುರಿದ ನಲ್ಲಿಗೆ ಶೆಡ್ಡಿನ ಲೇತಿನಲ್ಲೇ ಹಳೆಯ ಬೋಲ್ಟಿನಿಂದ ಹಿಡಿ ಮಾಡಿ ಹಾಕಿದರು. ಒಂದು ಗಂಟೆಯೂ ಹಿಡಿಯಲಿಲ್ಲ.

ಎರ್ಬೋಸಿನ್ ಮೇಲಿನ ಆರೋಪ ಬಿದ್ದುಹೋಯಿತು; ಮನೆಯೂ ಉಳಿಯಿತು. ಕೈರೊಲ್ಲಾನನ್ನು ಮೂರು ತಿಂಗಳು ಯಾರ್ಡಿನಲ್ಲಿ ವ್ಯಾಗನ್ ತಳ್ಳುವ ಸಣ್ಣ ಲೋಕೊಗೆ ಹಾಕಿದರು. ಫೆಬ್ರವರಿಯಲ್ಲಿ ಅವನು ಮುಖ್ಯ ಮಾರ್ಗಕ್ಕೆ ಮರಳುವ ವಾರದಲ್ಲಿ, ಯಾರ ಜೊತೆ ಹೋಗುತ್ತೀಯ ಎಂದು ಎರ್ಬೋಸಿನ್‌ನನ್ನು ಕೇಳಿದರು. ಅವನು ಬದಲಿ ಡ್ರೈವರಿನ ಹೆಸರು ಹೇಳಿದ.